ಓದುವವರಿಗೆ ಏನು ಕೊಡೋಣ?

ಪುಸ್ತಕಪ್ರಿಯರಿಗೆ ಉಡುಗೊರೆ ಕೊಡುವುದು ಬಲು ಕಷ್ಟವೆಂದು ದೂರುವವರು ಹಲವರು. ಪುಸ್ತಕವನ್ನೇ ಕೊಡೋಣವೆಂದರೆ ಅದು ಅವರ ಕಪಾಟಿನಲ್ಲಿ ಆಗಲೇ ಇರುತ್ತದೆ. ಬೇರೇನಾದರೂ ಕೊಟ್ಟರೆ ಅದು ಅವರಿಗೆ ಬೇಕಿರುವುದಿಲ್ಲ. ಕೊನೆಗೆ ಗೋಡೆಗಡಿಯಾರವೊಂದು ಕೈಯಿಂದ ಕೈಗೆ ದಾಟುತ್ತದೆ. ಹೊಸಪೇಟೆಯ ಮದುವೆಮನೆಗಳಲ್ಲಿ ನಾನು ಕಂಡ ಗಡಿಯಾರಗಳ ಲೆಕ್ಕ ಹಿಡಿದರೆ ನಮ್ಮೂರಿನವರಷ್ಟು ಹೊತ್ತುಗೊತ್ತು ಬಲ್ಲವರು ನಾಡಿನಲ್ಲೇ ಇರಲಾರರು!

ಪುಸ್ತಕದ ಉಡುಗೊರೆ ನಮಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದ ಸಾವಿರ ಪ್ರತಿ ಅದು! 2021ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರವು ತನ್ನ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲುಗಳ ಬದಲು ಕನ್ನಡ ಪುಸ್ತಕ ಕೊಡಬೇಕೆಂದು ಸೂಚಿಸಿದಾಗ ಆ ದಾನಚಿಂತಾಮಣಿಯ ನೆನಪಾಯಿತು. ಪುಸ್ತಕವನ್ನು ವೇದಿಕೆಯ ಮೇಲೆಯೇ ಬಿಟ್ಟುಹೋಗುವ ಗಣ್ಯರೂ ಇದ್ದಾರೆ, ನಿಜ. ಆದರೆ ಹಾರದಂತೆ ಅದು ಬಾಡುವುದಿಲ್ಲ. ಕುರ್ಚಿ ಎತ್ತಿಡಲು ಬಂದ ಹುಡುಗನಾದರೂ ಓದಿಯಾನು.

ಪುಸ್ತಕದ ಒಡನಾಡಿ ವಸ್ತುಗಳೂ ಹಳೆಯವೇ. ಓಲೆಗರಿಯ ಕಟ್ಟಿಗೆ ಮೇಲೆ ಕೆಳಗೆ ಮರದ ಹಲಗೆ, ತೂತಿನಲ್ಲಿ ದಾರ, ಹೊರಗೆ ಬಟ್ಟೆ, ಓದುವಾಗ ವ್ಯಾಸಪೀಠ. ಇವು ಅಂದಕ್ಕಾಗಿ ಹುಟ್ಟಿದವಲ್ಲ. ಹಲಗೆ ಗರಿಗಳು ಸೊಟ್ಟಗಾಗದಂತೆ ಒತ್ತಿ ಹಿಡಿಯುತ್ತಿತ್ತು, ದಾರ ಅವು ಚೆದುರದಂತೆ ಕಾಯುತ್ತಿತ್ತು, ಬಟ್ಟೆ ಧೂಳನ್ನು ತಡೆಯುತ್ತಿತ್ತು, ವ್ಯಾಸಪೀಠ ಭಾರತ ಓದುವವನ ಕೈಗಳಿಗೆ ಬಿಡುವು ಕೊಡುತ್ತಿತ್ತು. ಈಗಿನ ಪೇಟೆಗಳಲ್ಲಿ ಕವಿಗಳ ಮುಖ ಅಚ್ಚಾದ ಚಹದ ಬಟ್ಟಲುಗಳಿವೆ, ಅಂಗಿಗಳಿವೆ. ಅವುಗಳ ಮೇಲೆ ನನಗೆ ಕೋಪವಿಲ್ಲ. ಕೊಳ್ಳುವ ಮುನ್ನ ಮಾತ್ರ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಓದಲು ನೆರವಾಗುವುದೋ, ಓದುವವನೆಂದು ತೋರಿಸಿಕೊಳ್ಳಲು ಮಾತ್ರವೋ?

ಈ ಒರೆಗೆ ನಿಲ್ಲುವ ವಸ್ತು ಸಂಡೂರಿನಲ್ಲಿದೆ. ಅಲ್ಲಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯುಂಟು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಮಹಿಳೆಯರ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆ ಕಸೂತಿಯ ಹೆಗಲುಚೀಲ ಪುಸ್ತಕ ಹೊರಲು ಬಹಳ ಒಪ್ಪುತ್ತದೆ. ಆದರೆ ಎಚ್ಚರವಿರಲಿ: ಕನ್ನಡಿಬಿಲ್ಲೆ, ಕವಡೆಗಳು ರಟ್ಟನ್ನು ಗೀರಬಲ್ಲವು, ಆದ್ದರಿಂದ ಒಳಗೆ ಅಸ್ತರಿ ಇರುವುದನ್ನೇ ಆರಿಸಿರಿ. ಕೊಳ್ಳುವ ಮೊದಲು ಹೊಲಿಗೆಯ ಹಿಂಬದಿಯನ್ನು ಮಗುಚಿ ನೋಡಿರಿ. ಕೈಹೊಲಿಗೆಯಲ್ಲಿ ಗಂಟುಗಳೂ ಸಣ್ಣಪುಟ್ಟ ಏರುಪೇರುಗಳೂ ಕಾಣುತ್ತವೆ. ಎಲ್ಲವೂ ಅಚ್ಚುಕಟ್ಟಾಗಿ ಒಂದೇ ಅಳತೆಯಲ್ಲಿದ್ದರೆ ಸಂಶಯಪಡಿರಿ. ಬೆಲೆಯ ಬಗ್ಗೆ ಚೌಕಾಶಿ ಮಾಡುವವರು ಆ ಹಿಂಬದಿಯನ್ನು ಇನ್ನೊಮ್ಮೆ ನೋಡಲಿ. ಒಬ್ಬ ಹೆಂಗಸಿನ ಎಷ್ಟು ಹಗಲುಗಳು ಅಲ್ಲಿವೆ!

ಹಂಪಿಯ ಅಂಗಡಿಗಳಲ್ಲಿ ಕಲ್ಲಿನ ರಥದ ಪುಟ್ಟ ಪ್ರತಿಕೃತಿಗಳು ಹೇರಳ. ಕಾಗದ ಹಾರದಂತೆ ಇಡಲು ಅವು ಸಾಕು. ನನ್ನ ಕೊರಗು ಬೇರೆ. ವಿಜಯನಗರ ಹುಟ್ಟುವುದಕ್ಕೂ ನೂರು ವರ್ಷಕ್ಕೆ ಹಿಂದೆ ಇದೇ ವಿರೂಪಾಕ್ಷನ ಸನ್ನಿಧಿಯಲ್ಲಿ ರಗಳೆಗಳನ್ನು ಬರೆದ ಹರಿಹರ, ಅವನ ಸೋದರಳಿಯ ರಾಘವಾಂಕ ಇವರ ಹೆಸರು ನಾನು ಅಡ್ಡಾಡಿದ ಅಂಗಡಿಗಳಲ್ಲಿ ಒಂದು ಪುಟಗುರುತಿನ ಮೇಲೂ ಕಾಣಲಿಲ್ಲ. ಸಣ್ಣ ರಟ್ಟಿನ ತುಂಡು, ಒಂದು ಹೆಸರು, ಗೋಪುರದ ಒಂದು ರೇಖಾಚಿತ್ರ. ಇಷ್ಟಕ್ಕೆ ಎಷ್ಟು ಖರ್ಚಾದೀತು? ಹತ್ತಿರದಲ್ಲೇ, 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವಿದೆ. ಅದರ ಪ್ರಸಾರಾಂಗ ಹೊರತಂದ ಪುಸ್ತಕಗಳಿವೆ. ಹಂಪಿಗೆ ಬಂದ ನೆಂಟರನ್ನು ನಾನು ಅತ್ತಲೂ ಕರೆದೊಯ್ಯುತ್ತೇನೆ. ಇಂಗ್ಲಿಷ್ ಬಲ್ಲವರಿಗಾದರೆ 1900ರಲ್ಲಿ ಪ್ರಕಟವಾದ ರಾಬರ್ಟ್ ಸೀವೆಲನ ಗ್ರಂಥ ಒಳ್ಳೆಯ ಕೊಡುಗೆ. ಪೇಸ್ ಮತ್ತು ನೂನಿಜರು ಪೋರ್ಚುಗೀಸಿನಲ್ಲಿ ಬರೆದಿಟ್ಟ ವೃತ್ತಾಂತಗಳ ಅನುವಾದ ಅದರಲ್ಲಿದೆ. ಬೆಳಿಗ್ಗೆ ಪಾಳು ಬೀದಿಯಲ್ಲಿ ನಡೆದು ಸಂಜೆ ಅದನ್ನು ತೆರೆದರೆ ಆ ಬೀದಿ ಮತ್ತೆ ತುಂಬುತ್ತದೆ.

ಕಂಪ್ಲಿಯಲ್ಲಿ ಕುಮಾರರಾಮನ ಕಥೆಯುಂಟು, ಆದರೆ ಅದು ಅಂಗಡಿಯಲ್ಲಿ ಸಿಗುವ ಸರಕಲ್ಲ. ಅಲ್ಲಿರುವ ನನ್ನ ಹಿರಿಯ ಸ್ನೇಹಿತರೊಬ್ಬರಿಗೆ ಎಂಬತ್ತು ದಾಟಿದೆ. ವರ್ಷವರ್ಷವೂ ಪುಸ್ತಕ ಕೊಡುತ್ತಿದ್ದೆ. ಅವರು ಪ್ರೀತಿಯಿಂದ ಪಡೆದು ಗೂಡಿನಲ್ಲಿಡುತ್ತಿದ್ದರು. ಸಣ್ಣಕ್ಷರ ಕಾಣದೆಂಬುದನ್ನು ಸಂಕೋಚದಿಂದ ಹೇಳಿರಲಿಲ್ಲ. ಕಳೆದ ಯುಗಾದಿಗೆ ಹೊಸಪೇಟೆಯಲ್ಲಿ ಕೊಂಡ ಹಿಡಿಯುಳ್ಳ ದೊಡ್ಡ ಭೂತಗನ್ನಡಿಯನ್ನೂ ಒಂದು ಮೇಜುದೀಪವನ್ನೂ ಒಯ್ದು ಕೊಟ್ಟೆ. ಈಗ ಅವರು ಗೂಡಿನ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿ, ಅವುಗಳಲ್ಲಿನ ಅಚ್ಚಿನ ತಪ್ಪುಗಳ ಪಟ್ಟಿಯನ್ನು ನನಗೆ ಅಂಚೆಯಲ್ಲಿ ಕಳಿಸುತ್ತಿದ್ದಾರೆ.