ಆ ಎತ್ತು ಯಾರದು? ಡೆಮೊ ರೀಲ್‌ನಲ್ಲಿ ತ್ರೀಡಿ ಮಾಡೆಲ್ ತೋರಿಸೋ ಬಗೆ

(ಪಾಡ್‌ಕಾಸ್ಟ್ ಕಂತಿನ ಅಕ್ಷರರೂಪ)

ಇವತ್ತಿನ ಮಾತು ಆಳಂದ, ಅಫಜಲಪುರ, ಜೇವರ್ಗಿ ಕಡೆ ಮನೆಯಲ್ಲೇ ಕೂತು ಬ್ಲೆಂಡರ್ ಕಲಿತಿರೋ ಹುಡುಗ ಹುಡುಗಿಯರಿಗೆ. "ಮಾಡೆಲ್ ಚಲೋ ಬಂದಾವ, ಆದ್ರ ಡೆಮೊ ರೀಲ್ ಕಳಿಸಿದ್ರ ಯಾರೂ ಉತ್ತರ ಕೊಡವಲ್ರು" ಅನ್ನೋದು ನಿಮ್ಮ ತಕರಾರು, ಹೌದಲ್ಲ? ಇದು ಇನ್‌ಸ್ಟಾ ರೀಲ್ ಅಲ್ಲ ಮತ್ತ. ಕೆಲಸ ಕೇಳುವಾಗ ಕಳಿಸೋ ವಿಡಿಯೊ.

ಅನಿಮೇಷನ್, ಗೇಮಿಂಗ್‌ಗೆ ಅಂತ ಕರ್ನಾಟಕ 2012ರಲ್ಲೇ ಪ್ರತ್ಯೇಕ ನೀತಿ ತಂದಿತು. ಆದರೂ ಸ್ಟುಡಿಯೊಗಳು ಹೆಚ್ಚಾಗಿ ಇರೋದು ಬೆಂಗಳೂರಿನಲ್ಲೇ. ಅಲ್ಲಿಗೆ ನಮಗಿಂತ ಮೊದಲು ನಮ್ಮ ರೀಲ್ ಹೋಗ್ತದ.

ನನ್ನ ಮೊದಲ ರೀಲ್ ಮೂರು ನಿಮಿಷದ್ದು. ಶುರುವಿನ ಇಪ್ಪತ್ತು ಸೆಕೆಂಡ್ ಬಂಗಾರದ ಅಕ್ಷರದಲ್ಲಿ ನನ್ನ ಹೆಸರೇ ತಿರುಗುತ್ತಿತ್ತು, ಹಿಂದೆ ಸಿನಿಮಾ ಹಾಡು. ಆಮೇಲೆ ಕತ್ತಿ, ರೋಬೊ, ಕೊನೆಗೆ ಒಂದು ಎತ್ತಿನ ಬಂಡಿ. ಸಂದರ್ಶನದಲ್ಲಿ ಒಬ್ಬರು ಅದನ್ನು ಫೋನ್‌ನಲ್ಲೇ ಓಡಿಸಿ ಓಡಿಸಿ ನೋಡಿದರು. ಬಂಡಿ ಬಂದಾಗ ನಿಲ್ಲಿಸಿದರು. "ಎತ್ತು ನೀವೇ ಮಾಡಿದ್ದಾ?"

ಎತ್ತು ನನ್ನದಲ್ಲ, ಉಚಿತವಾಗಿ ಡೌನ್‌ಲೋಡ್ ಮಾಡಿದ್ದು. ಕೇಳಿದ ಮೇಲೆ ಒಪ್ಪಿಕೊಂಡೆ. ಆದರೆ ಅಷ್ಟರೊಳಗೆ ಬಂಡಿಯೂ ನನ್ನದಲ್ಲ ಅಂತ ಅವರಿಗೆ ಅನಿಸಿಬಿಟ್ಟಿತ್ತು. ಮಾವನ ಅಂಗಳದಲ್ಲಿ ಎರಡು ದಿನ ಟೇಪ್ ಹಿಡಿದು ಅಳೆದು ಮಾಡಿದ ಗಾಲಿ ಅದು. ಆ ಕೆಲಸ ನನಗೆ ಸಿಗಲಿಲ್ಲ.

ಈಗ ನಾನು ಮಾಡೋದು ಹೀಗೆ. ಪ್ರತಿ ಮಾಡೆಲ್ ಕೆಳಗೆ ಸಣ್ಣ ಸಾಲು: "ಬಂಡಿ – ಮಾಡೆಲ್, ಟೆಕ್ಸ್ಚರ್ ನನ್ನದು. ಎತ್ತು – ಉಚಿತ ಡೌನ್‌ಲೋಡ್." ಜೊತೆಗೆ ಎಷ್ಟು ಪಾಲಿಗಾನ್ ಅಂತ ಒಂದು ಸಂಖ್ಯೆ. ಬಣ್ಣದ ಮಾಡೆಲ್ ತಿರುಗಿದ ಮೇಲೆ ಅದೇ ಕೋನದಲ್ಲಿ ಬೂದು ಬಣ್ಣದ ರೂಪ, ಅದರ ಮೇಲೆ ವೈರ್‌ಫ್ರೇಮ್ ಗೆರೆ. ಜಾಣತನ ಕಾಣೋದು ಆ ಗೆರೆಗಳಲ್ಲೇ. ಮಡಚೋ ಜಾಗದಲ್ಲಿ ಗೆರೆ ದಟ್ಟ, ಚಪ್ಪಟೆ ಜಾಗದಲ್ಲಿ ವಿರಳ ಇದ್ದರೆ ನೋಡುವವರಿಗೆ ನೀವು ಯೋಚಿಸಿ ಮಾಡಿದ್ದು ಗೊತ್ತಾಗ್ತದ.

ತಿರುಗಿಸೋದರ ಬಗ್ಗೆ ಸ್ವಲ್ಪ ನಿಧಾನ ಹೇಳ್ತೀನಿ, ಎಲ್ಲರೂ ಎಡವೋದು ಇಲ್ಲೇ. ಒಂದು ಸುತ್ತಿಗೆ 8 ಸೆಕೆಂಡ್ ಇರಲಿ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 192 ಫ್ರೇಮ್. ಮೊದಲ ಫ್ರೇಮ್‌ನಲ್ಲಿ 0 ಡಿಗ್ರಿ, 193ರಲ್ಲಿ 360 ಡಿಗ್ರಿ ಕೀ ಹಾಕಿ, 192ಕ್ಕೇ ರೆಂಡರ್ ನಿಲ್ಲಿಸಿ. ಇಲ್ಲದಿದ್ದರೆ ಮೊದಲನೇದು, ಕೊನೇದು ಒಂದೇ ಚಿತ್ರವಾಗಿ ಸುತ್ತು ಮುಗಿಯುವಾಗ ಜರ್ಕ್ ಹೊಡೀತದ. ಬ್ಲೆಂಡರ್ ತಾನಾಗಿಯೇ ಶುರುವಿಗೆ, ಕೊನೆಗೆ ವೇಗ ಇಳಿಸ್ತದ. ಅದನ್ನು ಲೀನಿಯರ್‌ಗೆ ಬದಲಿಸಿ.

ರೆಂಡರ್ ಅಂದರೆ ನಮ್ಮ ಕಡೆ ಕರೆಂಟಿನ ಮಾತು. ಒಂದು ಫ್ರೇಮ್‌ಗೆ 2 ನಿಮಿಷ ಹಿಡಿದರೆ 192ಕ್ಕೆ ಆರೂವರೆ ತಾಸು ಹತ್ತಿರ. ನೇರ ವಿಡಿಯೊ ಮಾಡೋಕೆ ಕೊಟ್ಟು ನಡುವೆ ಕರೆಂಟ್ ಹೋಯಿತೋ, ಫೈಲ್ ಕೆಟ್ಟು ಅಷ್ಟೂ ಹೋದಂಗ. ಪಿಎನ್‌ಜಿ ಚಿತ್ರಗಳಾಗಿ ಕೊಡಿ. 140ಕ್ಕೆ ನಿಂತರೆ 141ರಿಂದ ಮುಂದುವರಿಸಬಹುದು. ಕೊನೆಗೆ ಎಲ್ಲ ಚಿತ್ರ ಸೇರಿಸಿ ವಿಡಿಯೊ ಮಾಡೋದು ಕೆಲವೇ ನಿಮಿಷದ ಕೆಲಸ.

ಒಟ್ಟು ರೀಲ್ ಒಂದು ನಿಮಿಷ, ಬಹಳ ಅಂದ್ರ ಒಂದೂವರೆ. ಎಲ್ಲಕ್ಕಿಂತ ಚಲೋ ಇದ್ದದ್ದು ಮೊದಲು. ಮೂರೇ ಚಲೋ ಇದ್ದರೆ ಮೂರೇ ಹಾಕಿ, ನಾಲ್ಕನೇದು ಮಬ್ಬಾಗಿದ್ದರೆ ಮೂರರ ಮರ್ಯಾದೆಯೂ ಹೋಗ್ತದ. ಕಪ್ಪು ಹಿನ್ನೆಲೆ ಬ್ಯಾಡ, ಫೋನ್‌ನಲ್ಲಿ ಎಲ್ಲ ಕೆಸರಿನಂಗ ಕಾಣ್ತದ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊನೇ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡ್ತದ, ವೈರ್‌ಫ್ರೇಮ್ ಗೆರೆ ಒಡೆದು ಹೋಗ್ತಾವ. ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಇಟ್ಟು ಲಿಂಕ್ ಕಳಿಸಿ.

ಇನ್ನು ಯಾವ ಮಾಡೆಲ್ ಅನ್ನೋದು. ಕತ್ತಿ, ರೋಬೊ ಎಲ್ಲರ ರೀಲ್‌ನಲ್ಲೂ ಅದಾವ. ಅಫಜಲಪುರದ ರಸ್ತೆಯಲ್ಲಿ ಕಬ್ಬು ಹೇರಿಕೊಂಡು ಹೋಗೋ ಟ್ರ್ಯಾಕ್ಟರ್ ಟ್ರಾಲಿ, ಆಳಂದದ ಸಂತೆಯ ತಕ್ಕಡಿ, ಶಹಾಬಾದ್ ಕಲ್ಲು ಹಾಸಿದ ನಿಮ್ಮ ಪಡಸಾಲೆ, ಇವನ್ನು ಮುಟ್ಟಿ ಅಳೆಯಬಹುದು. ತುಕ್ಕು ಎಲ್ಲಿ ಹಿಡೀತದ, ಎಲ್ಲಿ ಸವೀತದ ಅಂತ ಗೂಗಲ್‌ಗಿಂತ ನಿಮಗೇ ಚಲೋ ಗೊತ್ತು. ಸಾಫ್ಟ್‌ವೇರ್ ಬಗ್ಗೆ ಕೀಳರಿಮೆ ಬ್ಯಾಡ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಸಿನಿಮಾ ಮಾಡಿದ್ದು ಇದೇ ಉಚಿತ ಬ್ಲೆಂಡರ್‌ನಲ್ಲಿ.

ಕಳಿಸೋ ಮೊದಲು ಬೇರೆಯವರ ಹಳೇ ಫೋನ್‌ನಲ್ಲಿ, ಬಿಸಿಲಲ್ಲಿ ನಿಂತು ಒಮ್ಮೆ ನೋಡಿ. ನಾನು ಹೊಸ ರೀಲನ್ನು ಅಪ್ಪನ ಫೋನ್‌ನಲ್ಲಿ ತೋರಿಸಿದೆ. ಎತ್ತು ತೆಗೆದಿದ್ದೆ, ಬರೀ ಬಂಡಿ. ಅಪ್ಪ ಒಂದು ಸುತ್ತು ನೋಡಿ, "ಗಾಲಿಗಿ ಕಡಾಣಿ ಎಲ್ಲದನೋ? ಎರಡು ಹೆಜ್ಜಿ ಹೋದ್ರ ಕಳಚಿ ಬೀಳ್ತದ" ಅಂದರು. ಮಾವನ ಅಂಗಳದಲ್ಲಿ ಎಲ್ಲ ಅಳೆದಿದ್ದೆ, ಅದೊಂದು ಬಿಟ್ಟಿದ್ದೆ.

ಅವತ್ತು ರಾತ್ರಿ 192 ಫ್ರೇಮ್ ಮತ್ತೆ ರೆಂಡರ್‌ಗೆ ಹಾಕಿದೆ. ಎರಡು ಸಲ ಕರೆಂಟ್ ಹೋಯಿತು.