ಬೆಟ್ಟದ ಕಾರು, ಬಯಲಿನ ಬಿಸಿಲು: ಎ.ಸಿ. ಕೈಕೊಟ್ಟಾಗ

ಉದಕಮಂಡಲದಲ್ಲಿರುವವರಿಗೆ ಕಾರಿನ ಎ.ಸಿ. ಏಕೆ ಎಂದು ಕೇಳುವವರುಂಟು. ಊರು 2,240 ಮೀಟರ್ ಎತ್ತರದಲ್ಲಿದೆ, ಗಾಜು ಇಳಿಸಿದರೆ ಸಾಕು ಎಂಬುದು ಅವರ ವಾದ. ಆದರೆ 2024ರ ಏಪ್ರಿಲ್ ಕೊನೆಯಲ್ಲಿ ಆ ಊರಿನಲ್ಲೇ 29 ಡಿಗ್ರಿ ಉಷ್ಣಾಂಶ ದಾಖಲಾಯಿತು. ಕಲ್ಲಟ್ಟಿಯ 36 ಹೇರ್‌ಪಿನ್ ತಿರುವುಗಳ ಕೆಳಗಿರುವ ಮಸಿನಗುಡಿಯ ಬಿಸಿಲನ್ನಂತೂ ಹೇಳಬೇಕಾಗಿಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದರಿಂದ ಮೈಸೂರಿಗೆ ಸರಕಿಗಾಗಿಯೋ ಮದುವೆಗೋ ಹೊರಟ ಕುಟುಂಬಗಳು ಹಗಲಿನಲ್ಲೇ ಹೋಗಬೇಕು. ಕಾರಿನಲ್ಲಿ ವೃದ್ಧರೂ ಹಸುಗೂಸೂ ಇರುವಾಗ ಎ.ಸಿ. ನಿಂತರೆ ಅದು ಬರೀ ಸುಖದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಇಳಿಸುವ ಹಮಾಲಿ ಅದು. ಎಂಜಿನ್ನಿನ ಬಲದಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ. ಬಿಸಿಯಾದ ಗ್ಯಾಸು ಕಾರಿನ ಮುಂಭಾಗದ ಕಂಡೆನ್ಸರಿನಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ. ಆಮೇಲೆ ಕಿರಿದಾದ ಕವಾಟ ದಾಟಿ ಡ್ಯಾಶ್‌ಬೋರ್ಡಿನ ಹಿಂದಿನ ಕೊಳವೆಗಳಲ್ಲಿ ಹಿಗ್ಗಿ ಒಳಗಿನ ಶಾಖವನ್ನು ಹೀರುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿತೆಂದು ಕಂಡುಕೊಳ್ಳುವುದೇ ರೋಗಪತ್ತೆ.

ಕುಳಿತಲ್ಲಿಂದಲೇ ಪರೀಕ್ಷೆ

ಮುದುಮಲೆ, ಬಂಡೀಪುರದ ಕಾಡಿನೊಳಗೆ ಕಾರು ನಿಲ್ಲಿಸಿ ಇಳಿಯುವಂತಿಲ್ಲ. ಆನೆ ಓಡಾಡುವ ದಾರಿ ಅದು. ಆದ್ದರಿಂದ ಮೊದಲು ಕುಳಿತಲ್ಲಿಂದಲೇ ನೋಡಬೇಕು.

ಮೊದಲನೆಯದು, ಎಂಜಿನ್ ಶಾಖದ ಮುಳ್ಳು ಅಥವಾ ಕೆಂಪು ದೀಪ. ಕಡಿದಾದ ಏರಿನಲ್ಲಿ ಎಂಜಿನ್ ಅತಿಯಾಗಿ ಕಾಯ್ದರೆ ಅನೇಕ ಕಾರುಗಳು ತಾವೇ ಎ.ಸಿ.ಯನ್ನು ನಿಲ್ಲಿಸುತ್ತವೆ. ಆಗ ಕೆಟ್ಟಿರುವುದು ಎ.ಸಿ.ಯಲ್ಲ. ಸುರಕ್ಷಿತ ಜಾಗ ಸಿಕ್ಕೊಡನೆ ಕಾರು ನಿಲ್ಲಿಸಿ ಆರಲು ಬಿಡಿ. ಬಿಸಿ ರೇಡಿಯೇಟರಿನ ಮುಚ್ಚಳ ಮಾತ್ರ ತೆರೆಯಬೇಡಿ.

ಎರಡನೆಯದು, ಗಾಳಿ ಬರುತ್ತಿದೆಯೇ? ಗಾಳಿಯೇ ಇಲ್ಲದಿದ್ದರೆ ಬ್ಲೋಯರ್ ಅಥವಾ ಅದರ ಫ್ಯೂಸ್ ನೋಡಿಸಬೇಕು. ಮೊದಲು ಚೆನ್ನಾಗಿ ತಂಪಾಗಿ, ಬರಬರುತ್ತಾ ಗಾಳಿಯ ವೇಗ ಕುಂದಿದರೆ ಒಳಕೊಳವೆಗಳಲ್ಲಿ ಮಂಜುಗಟ್ಟಿರಬಹುದು. ಎ.ಸಿ. ಗುಂಡಿ ಆರಿಸಿ, ಬ್ಲೋಯರ್ ಮಾತ್ರ ಅರ್ಧ ಗಂಟೆ ಓಡಿಸಿ. ಗಾಳಿ ಮರಳಿದರೆ ಸಂಶಯ ನಿಜ. ಧೂಳು ತುಂಬಿದ ಕ್ಯಾಬಿನ್ ಫಿಲ್ಟರೂ ಇದಕ್ಕೆ ಒಂದು ಕಾರಣ.

ಮೂರನೆಯದು, ಓಡುವಾಗ ತಂಪು, ನಿಂತಾಗ ಬಿಸಿಯೇ? ಹಾಗಾದರೆ ಮುಂಭಾಗದ ಫ್ಯಾನಿನ ಮೇಲೆ ಅನುಮಾನ. ಏರುದಾರಿಯಲ್ಲಿ ಒಂದನೇ, ಎರಡನೇ ಗೇರಿನಲ್ಲಿ ನಿಧಾನವಾಗಿ ಸಾಗುವಾಗ ಕಂಡೆನ್ಸರಿಗೆ ಎದುರುಗಾಳಿ ಸಾಲದು, ಫ್ಯಾನೇ ಆಧಾರ.

ಇಳಿದ ನಂತರ

ಊರು ತಲುಪಿ ಬಾನೆಟ್ ಎತ್ತಿ, ಒಬ್ಬರು ಎ.ಸಿ. ಹಾಕಲಿ, ಇನ್ನೊಬ್ಬರು ಬೆಲ್ಟು, ಫ್ಯಾನುಗಳಿಂದ ಕೈ ದೂರವಿಟ್ಟು ನೋಡಲಿ. ಕ್ಲಚ್ ಇರುವ ಕಂಪ್ರೆಸರಾದರೆ ‘ಟಕ್’ ಎಂಬ ಸದ್ದು ಕೇಳಬೇಕು. ಹೊಸ ಬಗೆಯ ಕೆಲವು ಕಂಪ್ರೆಸರುಗಳಿಗೆ ಆ ಸದ್ದಿಲ್ಲ. ಸದ್ದು ಬಾರದಿದ್ದರೆ ಫ್ಯೂಸ್, ರಿಲೇ ಪರೀಕ್ಷಿಸಿ. ಇವು ಸರಿಯಿದ್ದರೆ ಗ್ಯಾಸು ಕಡಿಮೆಯಾಗಿ ಒತ್ತಡದ ಸ್ವಿಚ್ಚೇ ಕಂಪ್ರೆಸರನ್ನು ತಡೆದಿರಬಹುದು. ಪೈಪಿನ ಜೋಡಣೆಗಳಲ್ಲಿ ಎಣ್ಣೆಜಿಡ್ಡು ಕಂಡರೆ ಅಲ್ಲಿ ಸೋರಿಕೆಯ ಶಂಕೆ. ಕಾರಿನ ಕೆಳಗೆ ಶುದ್ಧ ನೀರು ತೊಟ್ಟಿಕ್ಕುವುದು ಮಾತ್ರ ಸಹಜ.

ಗ್ಯಾಸಿನ ಲೆಕ್ಕ

ನಮ್ಮ ಪರಿಚಯದ ಮನೆಯೊಂದರವರು ಒಂದೇ ಬೇಸಿಗೆಯಲ್ಲಿ ಎರಡು ಸಲ ಗ್ಯಾಸು ತುಂಬಿಸಿದರು. ಸೋರಿಕೆ ಎಲ್ಲಿದೆಯೆಂದು ಯಾರೂ ಹುಡುಕಿರಲಿಲ್ಲ. ಗ್ಯಾಸು ಪೆಟ್ರೋಲಿನಂತೆ ಉರಿದು ಖರ್ಚಾಗುವ ಸರಕಲ್ಲ. ವರ್ಷಗಳಲ್ಲಿ ಅತ್ಯಲ್ಪ ಜಿನುಗುವುದು ಬೇರೆ; ತಿಂಗಳುಗಳಲ್ಲಿ ಖಾಲಿಯಾದರೆ ತೂತು ಇದ್ದೇ ಇದೆ. ತೂತು ಚೀಲಕ್ಕೆ ಮತ್ತೆ ಮತ್ತೆ ಅಕ್ಕಿ ಸುರಿಯುವ ವ್ಯಾಪಾರಿ ಯಾರು?

ಮೊದಲು ಸೋರಿಕೆ ಮುಚ್ಚಬೇಕು, ಅನಂತರ ಯಂತ್ರದಿಂದ ಒಳಗಿನ ಗಾಳಿ, ತೇವವನ್ನು ಪೂರ್ತಿ ಹೀರಿ ತೆಗೆಯಬೇಕು, ಆಮೇಲೆ ಗ್ಯಾಸನ್ನು ಗ್ರಾಂ ಲೆಕ್ಕದಲ್ಲಿ ತೂಗಿ ತುಂಬಬೇಕು. ಎಷ್ಟು ಗ್ರಾಂ, ಯಾವ ಗ್ಯಾಸು ಎಂಬುದು ಸಾಮಾನ್ಯವಾಗಿ ಬಾನೆಟ್ಟಿನ ಒಳಗಿನ ಚೀಟಿಯಲ್ಲಿರುತ್ತದೆ. ಹೆಚ್ಚಾದರೂ ತಂಪು ಕೆಡುತ್ತದೆ. ಆರ್-134ಎ ಗ್ಯಾಸಿನ ಕಾರಿಗೆ ಬೇರೆ ಗ್ಯಾಸು ಬೆರೆಸಲು ಬಿಡಬೇಡಿ. ನಾವೇ ಕವಾಟ ಬಿಚ್ಚುವ ಸಾಹಸವೂ ಬೇಡ. ಚಿಮ್ಮುವ ಗ್ಯಾಸು ಕಣ್ಣನ್ನೂ ಚರ್ಮವನ್ನೂ ಹೆಪ್ಪುಗಟ್ಟಿಸಬಲ್ಲದು.

ಬೆಟ್ಟದವರಿಗೆ ಇನ್ನೊಂದು ಮಾತು. ತಿಂಗಳುಗಟ್ಟಲೆ ಎ.ಸಿ. ಹಾಕದಿದ್ದರೆ ಎಣ್ಣೆ ಹರಿಯದೆ ಕಂಪ್ರೆಸರಿನ ಸೀಲು ಒಣಗುತ್ತದೆ. ಗ್ಯಾಸು ಜಿನುಗಲು ಅದೇ ದಾರಿ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಮಂಜಿನ ದಿನ ಗಾಜಿನ ತೇವ ಒರೆಸಲೂ ಅದು ಒಳ್ಳೆಯದು.

ದಾರಿಯಲ್ಲಿ ಎ.ಸಿ. ನಿಂತೇಹೋದರೆ ಗಾಜು ಇಳಿಸಿ, ವೃದ್ಧರಿಗೂ ಮಕ್ಕಳಿಗೂ ಕಾದಾರಿದ ನೀರು ಕೊಡುತ್ತಾ ಸಾಗಿ. ಮೆಕ್ಯಾನಿಕ್ಕನ್ನು ಹುಡುಕಲು ಹೋಗುವಾಗ ಐದೇ ನಿಮಿಷವೆಂದು ಯಾರನ್ನೂ ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಬಿಸಿಲಿನಲ್ಲಿ ನಿಂತ ಕಾರು ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಕಾಯಬಲ್ಲದು. ರಿಪೇರಿ ನಾಳೆಯೂ ಆಗುತ್ತದೆ. ಮೊದಲು ಜೀವಗಳು ನೆರಳಿಗೆ ಸೇರಲಿ.