ಪವರ್‌ಪಾಯಿಂಟ್ ಪ್ರಾತ್ಯಕ್ಷಿಕೆ: ಆವೃತ್ತಿ ಭೇದದಿಂದ ಒದಗುವ ತೊಡಕುಗಳು

ಬ್ಯಾಂಕಿಗೆ ಸಾಲದ ಪ್ರಸ್ತಾವನೆಯನ್ನು ಮಂಡಿಸುವಾಗ, ಸಹಕಾರ ಸಂಘದ ಮಹಾಸಭೆಯಲ್ಲಿ ಲೆಕ್ಕಪತ್ರಗಳನ್ನು ವಿವರಿಸುವಾಗ ಪವರ್‌ಪಾಯಿಂಟ್ ಪ್ರಾತ್ಯಕ್ಷಿಕೆಯ ಬಳಕೆ ಸಾಮಾನ್ಯವಾಗಿದೆ. ಗೌರಿಬಿದನೂರಿನ ಕೈಗಾರಿಕಾ ಘಟಕವಿರಲಿ, ಚಿಂತಾಮಣಿಯ ಟೊಮೆಟೊ ಮಂಡಿಯಿರಲಿ, ಚಿಕ್ಕಬಳ್ಳಾಪುರದ ಹೂವು-ದ್ರಾಕ್ಷಿ ವಹಿವಾಟಿರಲಿ, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವಿರಲಿ, ವ್ಯವಹಾರದ ಅಂಕಿ-ಅಂಶಗಳನ್ನು ಪರದೆಯ ಮೇಲೆ ತೋರಿಸಬೇಕಾದ ಸಂದರ್ಭ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ತೊಡಕು ಎದುರಾಗುವುದು ಇಲ್ಲಿಯೇ. ಪ್ರಾತ್ಯಕ್ಷಿಕೆಯನ್ನು ಸಿದ್ಧಪಡಿಸುವ ಕಚೇರಿಯಲ್ಲಿ ತಂತ್ರಾಂಶದ ಹೊಸ ಆವೃತ್ತಿ ಇರುತ್ತದೆ. ಅದನ್ನು ತೆರೆಯುವ ಗ್ರಾಹಕರ ಗಣಕಯಂತ್ರದಲ್ಲಿ 2010 ಅಥವಾ 2013ರ ಆವೃತ್ತಿ ಇರಬಹುದು. ಕಡತ ತೆರೆದುಕೊಂಡಿತೆಂಬ ಮಾತ್ರಕ್ಕೆ ಅದರೊಳಗಿನದೆಲ್ಲವೂ ಯಥಾವತ್ತಾಗಿ ತಲುಪಿತೆಂದು ಭಾವಿಸುವಂತಿಲ್ಲ.

ಕಡತದ ಸ್ವರೂಪ

ಆಫೀಸ್ 2003ರವರೆಗೆ ಪವರ್‌ಪಾಯಿಂಟ್ ಕಡತಗಳು ಪಿಪಿಟಿ ಸ್ವರೂಪದಲ್ಲಿದ್ದವು. 2007ರ ಆವೃತ್ತಿಯೊಂದಿಗೆ ಪಿಪಿಟಿಎಕ್ಸ್ ಸ್ವರೂಪ ಜಾರಿಗೆ ಬಂದಿತು. ಅಂದಿನಿಂದ ಕಡತದ ಹೆಸರಿನ ಕೊನೆಯ ಅಕ್ಷರಗಳು ಬದಲಾಗಿಲ್ಲವಾದರೂ ಅದರೊಳಗೆ ಸೇರಿಸಬಹುದಾದ ಸೌಲಭ್ಯಗಳು ಆವೃತ್ತಿಯಿಂದ ಆವೃತ್ತಿಗೆ ಹೆಚ್ಚುತ್ತಲೇ ಬಂದಿವೆ. ಆದ್ದರಿಂದ ಒಂದೇ ಸ್ವರೂಪದ ಎರಡು ಕಡತಗಳಲ್ಲಿ ಒಂದು ಹಳೆಯ ಯಂತ್ರದಲ್ಲಿ ಸರಿಯಾಗಿ ಕಾಣಬಹುದು, ಇನ್ನೊಂದು ಕಾಣದಿರಬಹುದು.

ಯಾವ ಸೌಲಭ್ಯ ಏನಾಗುತ್ತದೆ?

1. ಸ್ಮಾರ್ಟ್‌ಆರ್ಟ್: 2007ರಲ್ಲಿ ಬಂದ ಈ ರೇಖಾಚಿತ್ರಗಳು ಹಳೆಯ ಪಿಪಿಟಿ ಸ್ವರೂಪದಲ್ಲಿ ಉಳಿಸಿದಾಗ ಕೇವಲ ಚಿತ್ರಗಳಾಗುತ್ತವೆ. ಹಳೆಯ ಆವೃತ್ತಿಯಲ್ಲಿ ಅವುಗಳೊಳಗಿನ ಅಕ್ಷರಗಳನ್ನು ತಿದ್ದಲಾಗದು.

2. ಮಾರ್ಫ್: ಒಂದು ಸ್ಲೈಡಿನ ಆಕೃತಿ ಮುಂದಿನ ಸ್ಲೈಡಿಗೆ ಸರಿಯುತ್ತ ಹೋಗುವ ಈ ಪರಿಣಾಮ ಹಳೆಯ ಆವೃತ್ತಿಗಳಲ್ಲಿ ಮಸುಕಾಗಿ ಬದಲಾಗುವ ಸಾಧಾರಣ ಪರಿಣಾಮವಾಗಿ ಕಾಣುತ್ತದೆ. ಅಂದ ಕುಂದುತ್ತದೆ, ಅಂಕಿಗಳಿಗೆ ಧಕ್ಕೆಯಿಲ್ಲ.

3. ಜೂಮ್ ಮತ್ತು ಮೂರು ಆಯಾಮದ ಮಾದರಿಗಳು: ಮೊದಲನೆಯದು ಕೊಂಡಿಯುಳ್ಳ ಚಿತ್ರವಾಗಿ, ಎರಡನೆಯದು ನಿಶ್ಚಲ ಚಿತ್ರವಾಗಿ ಉಳಿಯುತ್ತವೆ.

4. ಹೊಸ ಬಗೆಯ ನಕ್ಷೆಗಳು: ವಾಟರ್‌ಫಾಲ್, ಟ್ರೀಮ್ಯಾಪ್, ಸನ್‌ಬರ್ಸ್ಟ್ ಮೊದಲಾದ ನಕ್ಷೆಗಳು 2016ರ ಆವೃತ್ತಿಯಲ್ಲಿ ಬಂದವು. ಅದಕ್ಕಿಂತ ಹಳೆಯ ಪವರ್‌ಪಾಯಿಂಟ್‌ನಲ್ಲಿ ಇವು ತಿದ್ದಲಾಗದ ಚಿತ್ರಗಳಾಗುತ್ತವೆ. ಹಳೆಯ ಎಕ್ಸೆಲ್‌ನಲ್ಲಾದರೆ, ಈ ನಕ್ಷೆ ಈ ಆವೃತ್ತಿಯಲ್ಲಿ ಲಭ್ಯವಿಲ್ಲವೆಂಬ ಸೂಚನೆ ಮಾತ್ರ ಕಾಣುತ್ತದೆ.

ಲೆಕ್ಕಪತ್ರಗಳ ದೃಷ್ಟಿಯಿಂದ ಮೊದಲ ಮೂರಕ್ಕಿಂತ ನಾಲ್ಕನೆಯದೇ ಹೆಚ್ಚು ಗಂಭೀರವಾದುದು.

ಒಂದು ಉದಾಹರಣೆ

ನೂಲು ಬಿಚ್ಚಾಣಿಕೆ ಘಟಕವೊಂದು ಹೊಸ ಯಂತ್ರಕ್ಕಾಗಿ ಅವಧಿ ಸಾಲ ಕೋರಿದೆ ಎಂದಿಟ್ಟುಕೊಳ್ಳೋಣ. ಯೋಜನಾ ವರದಿಯಂತೆ ಮೊದಲ ವರ್ಷದ ನಿವ್ವಳ ಲಾಭ 6 ಲಕ್ಷ, ಸವಕಳಿ 4 ಲಕ್ಷ, ಬಡ್ಡಿ 5 ಲಕ್ಷ ರೂಪಾಯಿ. ಒಟ್ಟು 15 ಲಕ್ಷ. ಮರುಪಾವತಿಯ ಕಂತು 5 ಲಕ್ಷ, ಬಡ್ಡಿ 5 ಲಕ್ಷ. ಒಟ್ಟು 10 ಲಕ್ಷ. ಅಂದರೆ ಸಾಲ ತೀರಿಸುವ ಸಾಮರ್ಥ್ಯದ ಅನುಪಾತ 1.5. ಮಾರಾಟದಿಂದ ಆರಂಭಿಸಿ ಒಂದೊಂದೇ ವೆಚ್ಚವನ್ನು ಕಳೆಯುತ್ತ 6 ಲಕ್ಷದ ಲಾಭಕ್ಕೆ ಇಳಿಯುವ ವಾಟರ್‌ಫಾಲ್ ನಕ್ಷೆಯನ್ನೂ ಪ್ರಾತ್ಯಕ್ಷಿಕೆಯಲ್ಲಿ ಸೇರಿಸಲಾಗಿದೆ.

ಬಡ್ಡಿಯನ್ನು 6 ಲಕ್ಷವೆಂದು ಹಿಡಿದು ಲೆಕ್ಕವನ್ನು ಪರಿಷ್ಕರಿಸುವಂತೆ ಬ್ಯಾಂಕ್ ಸೂಚಿಸುತ್ತದೆ. ಘಟಕದ ಗುಮಾಸ್ತರು ತಮ್ಮಲ್ಲಿರುವ 2010ರ ಆವೃತ್ತಿಯಲ್ಲಿಯೇ ಕಡತ ತೆರೆದು ಕೋಷ್ಟಕವನ್ನು ತಿದ್ದುತ್ತಾರೆ. ತೆರಿಗೆಯನ್ನು ಬದಿಗಿಟ್ಟರೆ ಲಾಭ 5 ಲಕ್ಷಕ್ಕೆ ಇಳಿಯುತ್ತದೆ. 15 ಲಕ್ಷವನ್ನು 11 ಲಕ್ಷದಿಂದ ಭಾಗಿಸಿದಾಗ ಅನುಪಾತ 1.36 ಆಗುತ್ತದೆ. ಕೋಷ್ಟಕ ಸರಿಯಾಯಿತು. ಆದರೆ ನಕ್ಷೆಯು ಚಿತ್ರವಾಗಿರುವುದರಿಂದ ಅದರಲ್ಲಿ ಲಾಭ ಇನ್ನೂ 6 ಲಕ್ಷವಾಗಿಯೇ ಉಳಿದಿರುತ್ತದೆ.

ಒಂದೇ ದಾಖಲೆಯಲ್ಲಿ ಒಂದೇ ಲಾಭಕ್ಕೆ ಎರಡು ಮೊತ್ತಗಳು. ಇದು ತಂತ್ರಾಂಶದ ದೋಷವೆಂದು ಸಾಲ ಮಂಜೂರು ಮಾಡುವ ಅಧಿಕಾರಿಗೆ ತಿಳಿಯುವುದು ಹೇಗೆ? ಅಂಕಿಗಳು ಪರಸ್ಪರ ತಾಳೆಯಾಗದ ಪ್ರಸ್ತಾವನೆಯ ಬಗ್ಗೆ ಸಂದೇಹ ಮೂಡುವುದು ಸಹಜ. ಅದರಿಂದ ಮಂಜೂರಾತಿ ವಿಳಂಬವಾದರೆ ನಷ್ಟ ಅನುಭವಿಸುವವರು ಉದ್ದಿಮೆದಾರರೇ.

ಕನ್ನಡ ಅಕ್ಷರ ಹಾಗೂ ರೂಪಾಯಿ ಚಿಹ್ನೆ

ಸೌಲಭ್ಯಗಳಷ್ಟೇ ಅಲ್ಲ, ಅಕ್ಷರವಿನ್ಯಾಸವೂ ತೊಡಕುಂಟುಮಾಡಬಲ್ಲದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಸಿದ್ಧಪಡಿಸಿದ ಸ್ಲೈಡು, ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಾಗದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಪರಿಚಿತವಾದ ತುಂಗಾ ಅಕ್ಷರವು ಯೂನಿಕೋಡ್ ಆಗಿದ್ದರೂ ವಿಂಡೋಸ್ 10ರಿಂದೀಚೆಗೆ ಐಚ್ಛಿಕವಾಗಿದೆ. ವಿಂಡೋಸ್ 8ರಿಂದ ಬಂದಿರುವ ನಿರ್ಮಲಾ ಯುಐ ಹೊಸ ಯಂತ್ರಗಳಲ್ಲಿ ದೊರೆಯುತ್ತದೆ. 2023ರಿಂದ ಮೈಕ್ರೋಸಾಫ್ಟ್ 365ರಲ್ಲಿ ತಾನಾಗಿಯೇ ಬರುವ ಆಪ್ಟೋಸ್ ಅಕ್ಷರ ಹಳೆಯ ಆವೃತ್ತಿಗಳಲ್ಲಿಲ್ಲ. ಅದರ ಬದಲು ಬೇರೆ ಅಕ್ಷರ ಬಂದಾಗ ಕೋಷ್ಟಕದ ದೊಡ್ಡ ಮೊತ್ತಗಳು ಮುರಿದು ಎರಡು ಸಾಲಾಗಬಹುದು.

ರೂಪಾಯಿಯ ಚಿಹ್ನೆಯನ್ನು ಕೇಂದ್ರ ಸರ್ಕಾರ ಅಂಗೀಕರಿಸಿದ್ದು 2010ರ ಜುಲೈನಲ್ಲಿ. ಅದಕ್ಕಿಂತ ಹಳೆಯ, ಪರಿಷ್ಕರಿಸದ ವಿಂಡೋಸ್ ಯಂತ್ರಗಳಲ್ಲಿ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕ ಕಾಣಿಸುತ್ತದೆ. ಅಂತಹ ಕಡೆ 'ರೂ.' ಎಂದು ಬರೆಯುವುದೇ ಕ್ಷೇಮ.

ಅನುಸರಿಸಬೇಕಾದ ಕ್ರಮಗಳು

1. ಕೆಲಸ ಆರಂಭಿಸುವ ಮೊದಲೇ ಗ್ರಾಹಕರ ಹಾಗೂ ಸಭೆ ನಡೆಯುವ ಸ್ಥಳದ ಯಂತ್ರದ ಆವೃತ್ತಿಯನ್ನು ವಿಚಾರಿಸಬೇಕು.

2. ಮುಖ್ಯ ಅಂಕಿಗಳಿಗೆ ಸ್ತಂಭ, ರೇಖೆ ಮುಂತಾದ ಹಳೆಯ ಬಗೆಯ ನಕ್ಷೆಗಳನ್ನೇ ಬಳಸಬೇಕು. ಕೆಳಗಿನ ಭಾಗವನ್ನು ಬಣ್ಣವಿಲ್ಲದಂತೆ ಮಾಡಿದ ಪೇರಿಕೆ ಸ್ತಂಭ ನಕ್ಷೆಯಿಂದಲೂ ವಾಟರ್‌ಫಾಲ್ ನಕ್ಷೆಯ ಉದ್ದೇಶ ಈಡೇರುತ್ತದೆ. ಅದು ಹಳೆಯ ಆವೃತ್ತಿಯಲ್ಲಿಯೂ ತಿದ್ದುಪಡಿಗೆ ಒಳಪಡುತ್ತದೆ.

3. ಫೈಲ್ ಪಟ್ಟಿಯ ಇನ್ಫೋ ವಿಭಾಗದಲ್ಲಿರುವ 'ಚೆಕ್ ಕಂಪ್ಯಾಟಿಬಿಲಿಟಿ' ಆಯ್ಕೆಯಿಂದ ಪರಿಶೀಲಿಸಬೇಕು. ಇದೊಂದನ್ನೇ ನಂಬದೆ ಸಾಧ್ಯವಾದರೆ ಹಳೆಯ ಯಂತ್ರದಲ್ಲಿ ಒಮ್ಮೆ ತೆರೆದು ನೋಡಬೇಕು.

4. ಆಪ್ಷನ್ಸ್‌ನ ಸೇವ್ ವಿಭಾಗದಲ್ಲಿ ಅಕ್ಷರಗಳನ್ನು ಕಡತದೊಳಗೆ ಅಡಕಗೊಳಿಸುವ ಅವಕಾಶವಿದೆ. ಆ ಅಕ್ಷರದ ಪರವಾನಗಿ ಅನುಮತಿಸಿದರೆ ಇದನ್ನು ಬಳಸಬೇಕು.

5. ತಿದ್ದಬೇಕಾದ ಕಡತದ ಜೊತೆಗೆ ಪಿಡಿಎಫ್ ಪ್ರತಿಯನ್ನೂ ಕಳುಹಿಸಬೇಕು. ಅದರಲ್ಲಿ ಚಲನೆಗಳಿಲ್ಲದಿದ್ದರೂ ಅಂಕಿಗಳು ಕಳುಹಿಸಿದಂತೆಯೇ ಉಳಿಯುತ್ತವೆ.

6. ಅಂಕಿಗಳನ್ನು ತಿದ್ದಿದ ಬಳಿಕ ಕೋಷ್ಟಕ ಹಾಗೂ ನಕ್ಷೆಗಳನ್ನು ತಾಳೆ ನೋಡಿ, ಪರಿಷ್ಕರಿಸಿದ ದಿನಾಂಕವನ್ನು ಮೊದಲ ಸ್ಲೈಡಿನಲ್ಲಿ ನಮೂದಿಸಬೇಕು.

ಆಫೀಸ್ 2010ಕ್ಕೆ 2020ರ ಅಕ್ಟೋಬರ್‌ನಲ್ಲಿ, 2013ಕ್ಕೆ 2023ರ ಏಪ್ರಿಲ್‌ನಲ್ಲಿ, 2016 ಮತ್ತು 2019ಕ್ಕೆ 2025ರ ಅಕ್ಟೋಬರ್‌ನಲ್ಲಿ ತಯಾರಕರ ಬೆಂಬಲ ಕೊನೆಗೊಂಡಿದೆ. ಭದ್ರತೆಯ ದೃಷ್ಟಿಯಿಂದ ಇವುಗಳನ್ನು ಬದಲಾಯಿಸುವುದು ಸೂಕ್ತ. ಆದರೆ ಬಳಕೆಯಲ್ಲಿರುವ ಯಂತ್ರವನ್ನು ಪ್ರತಿ ಬಾರಿ ಬದಲಾಯಿಸುವುದು ಸಣ್ಣ ಉದ್ದಿಮೆದಾರರಿಗೆ ಸುಲಭವಲ್ಲ. ಅಲ್ಲಿಯವರೆಗೆ ಅವರ ಯಂತ್ರಕ್ಕೆ ಹೊಂದುವ ಕಡತವನ್ನು ನೀಡುವುದು ಸಿದ್ಧಪಡಿಸುವವರ ಹೊಣೆ. ಆಸ್ತಿ-ಹೊಣೆ ಪಟ್ಟಿಯನ್ನು ತಾಳೆ ನೋಡದೆ ಸಹಿ ಹಾಕುವ ಪರಿಪಾಠವಿಲ್ಲ. ಪ್ರಾತ್ಯಕ್ಷಿಕೆಯನ್ನು ರವಾನಿಸುವ ಮುನ್ನವೂ ಅದೇ ಎಚ್ಚರ ಇರಬೇಕು.